ಫೋನ್ ಸಿಗದ ಹಡಗು

ಹನ್ನೊಂದನೆಯ ಕಂತು

"ನಾಲ್ಕು ಮಹಡಿ ಹತ್ತಿ ಬಂದ್ರಾ?" ದಾಖಲೆ ಕೋಣೆಯ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ ಕೇಳಿದ. "ಹೋದ ವಾರವೇ ಹತ್ತಿದ್ದಿದ್ರೆ ಒಬ್ಬರ ಅನ್ನ ಉಳೀತಿತ್ತು."

ತನಿಖೆಗಾರ ಬಲ ಮೊಣಕಾಲನ್ನು ಅಂಗೈಯಲ್ಲಿ ಒತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದ. ಪ್ರವಾಸ ಕಚೇರಿಯ ಲಿಫ್ಟ್ ಕೆಟ್ಟು ಎರಡು ತಿಂಗಳಾಗಿತ್ತು. ಹೋದ ವಾರ ಇದೇ ಮೊಣಕಾಲಿನ ನೆಪದಲ್ಲಿ ಅವನು ಕೆಳಗೆ ವ್ಯವಸ್ಥಾಪಕನ ಕೋಣೆಯಲ್ಲೇ ಕುಳಿತು, ಸಲಹೆ ಹಾಳೆಯ ಮೂಲ ಬೇಡ, ಜೆರಾಕ್ಸ್ ಸಾಕು ಎಂದಿದ್ದ.

ಎಪ್ಪತ್ತೆಂಟು ವರ್ಷದ ತಾಯಿಯೊಬ್ಬರು ಆರೈಕೆ ಮನೆಯಿಂದ ಕಾಣೆಯಾಗಿ ಇಂದಿಗೆ ಇಪ್ಪತ್ತೊಂದು ದಿನ. ಅದೇ ಹೊತ್ತಿಗೆ ಹಿಮನದಿ ನೋಡಲು ಹೋಗಿದ್ದ ಮಗಳು, ಅಳಿಯ ಇಬ್ಬರನ್ನೂ ಬೇಕೆಂದೇ ಫೋನ್ ಸಿಗದ ಹಡಗು ಹತ್ತಿಸಿದ್ದು ಈ ಕಚೇರಿಯ ಸಲಹೆಗಾರ್ತಿ ಎಂದು ತನಿಖೆಗಾರ ಬರೆದುಕೊಟ್ಟಿದ್ದ.

ಬರೆದುಕೊಟ್ಟದ್ದಷ್ಟೇ ಅಲ್ಲ. ಇದೇ ಕಚೇರಿಯಲ್ಲಿ ಹದಿನಾಲ್ಕು ಜನರ ಎದುರು ಓದಿದ್ದ.

ಗುಮಾಸ್ತ ಕಡತ ಬಿಚ್ಚಿ ಒಂದು ಹಾಳೆ ತೆಗೆದು, ಕಿಟಕಿಯ ಬೆಳಕು ಬೀಳುವ ಕಡೆ ಮೇಜಿನ ಮೇಲೆ ಹಾಸಿದ.

"ನಮ್ಮಲ್ಲಿ ಹೀಗೆ. ಗಿರಾಕಿ ಹೇಳಿದ್ದು ಪೆನ್ಸಿಲ್‌ನಲ್ಲಿ. ನಾವು ಹೇಳಿದ್ದು ಶಾಯಿಯಲ್ಲಿ. ಗಿರಾಕಿ ಮನಸ್ಸು ಬದಲಾಯಿಸ್ತಾರೆ, ಅಳಿಸಿ ಬರೀಬೇಕು. ನಮ್ಮ ಮಾತು ಅಳಿಸೋ ಹಾಗಿಲ್ಲ. ಕಚೇರಿ ಶುರು ಮಾಡಿದವರು ಹಾಕಿದ ನಿಯಮ. ಇಲ್ಲಿ ನೆಲ ಒರೆಸೋರಿಗೂ ಗೊತ್ತು."

"ನನಗೆ ಗೊತ್ತಿರಲಿಲ್ಲ."

"ಅವರು ಹೇಳಿದ್ರಲ್ಲ. 'ಪೆನ್ಸಿಲ್ ನೋಡಿ' ಅಂತ ಎರಡು ಸಲ ಹೇಳಿದ್ರು. ನಾನೂ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ."

ಸಲಹೆಗಾರ್ತಿ ಹೇಳಿದ್ದಳು. 'ವಿಷಯಕ್ಕೆ ಬನ್ನಿ' ಎಂದು ತನಿಖೆಗಾರ ಅವಳ ಬಾಯಿ ಮುಚ್ಚಿಸಿದ್ದ.

ಹಾಳೆಯಲ್ಲಿ ಎರಡು ಅಂಕಣ. ಎಡಗಡೆ ದೊಡ್ಡ ಹಡಗು, 'ಬಿಳಿಯರಮನೆ': ಹದಿನಾಲ್ಕು ಅಂತಸ್ತು, ಎರಡು ಸಾವಿರದ ನಾನೂರು ಪ್ರಯಾಣಿಕರು, ಒಳಗೇ ಆಸ್ಪತ್ರೆ, ಎಲ್ಲ ಹೊತ್ತೂ ಫೋನ್. ಅಲೆ ಗೊತ್ತಾಗುವುದಿಲ್ಲ, ಆದರೆ ಕಡಲಿನ ಇಕ್ಕಟ್ಟು ಕವಲಿಗೆ ನುಗ್ಗಲಾರದು, ಹಿಮನದಿಯಿಂದ ಒಂದೂವರೆ ಮೈಲಿ ಆಚೆಯೇ ನಿಲ್ಲುತ್ತದೆ. ಬಲಗಡೆ ಚಿಕ್ಕದು, 'ಕಡಲಗುಬ್ಬಿ': ಎಂಬತ್ತಾರು ಪ್ರಯಾಣಿಕರು, ಒಬ್ಬ ವೈದ್ಯ, ಲಿಫ್ಟ್ ಇಲ್ಲ, ತೊಟ್ಟಿಲಿನಂತೆ ತೂಗುತ್ತದೆ, ಆದರೆ ಮಂಜುಗಡ್ಡೆ ಬಿರಿಯುವ ಸದ್ದು ಕೇಳುವಷ್ಟು ಹತ್ತಿರ ಹೋಗುತ್ತದೆ. ಒಂಬತ್ತು ದಿನ ಫೋನ್ ಇಲ್ಲ.

ಇದೆಲ್ಲ ನೀಲಿ ಶಾಯಿ. ಅದರ ಕೆಳಗೆ ಒಂದೇ ಸಾಲು, ಅದೇ ಕೈಬರಹ, ದಪ್ಪ ಪೆನ್ಸಿಲ್.

'ಫೋನ್ ಸಿಗದಿರುವುದೇ ಒಳ್ಳೆಯದು. ಚಿಕ್ಕದೇ ಆಗಲಿ.'

ಜೆರಾಕ್ಸ್‌ನಲ್ಲಿ ಎರಡೂ ಕಪ್ಪಾಗಿದ್ದವು. ಈ ಒಂದು ಸಾಲನ್ನು ಅವನು ಗಟ್ಟಿಯಾಗಿ ಓದಿ, 'ಇದು ನಿಮ್ಮ ಅಕ್ಷರವೇ?' ಎಂದು ಕೇಳಿದ್ದ. 'ನನ್ನದೇ' ಎಂದಿದ್ದಳು. ಅಲ್ಲಿಗೆ ತನಿಖೆ ಮುಗಿದಿತ್ತು.

ಗುಮಾಸ್ತ ಹಾಳೆ ಮಗುಚಿದ. ಬೆನ್ನಿನ ಮೇಲೆ ಶಾಯಿಯಲ್ಲಿ ಇನ್ನೊಂದು ಸಾಲು ಇತ್ತು. ಜೆರಾಕ್ಸ್ ಮಾಡುವಾಗ ಯಾರೂ ಮಗುಚಿರಲಿಲ್ಲ.

'ವಯಸ್ಸಾದವರನ್ನು ಊರಲ್ಲಿ ಬಿಟ್ಟು ಹೋಗುವುದಾದರೆ ಚಿಕ್ಕದು ಬೇಡವೆಂದು ಎರಡು ಸಲ ಹೇಳಿದೆ.'

ನೆಲ ಬಿರಿದು ನುಂಗಬಾರದೇ ಎನಿಸಿತು. ಈ ವೃತ್ತಿಯಲ್ಲಿ ಅವನಿಗೆ ಮೂವತ್ತೊಂದು ವರ್ಷ. ವಿಮೆ ಕಂಪನಿಯಲ್ಲಿದ್ದಾಗ ಒಂದು ಅಲ್ಪವಿರಾಮವನ್ನೂ ಬಿಡದೆ ಕಾಗದ ನೋಡುತ್ತಾನೆಂದು ಅವನಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಮೇಲೆಯೇ ಇಂದಿಗೂ ಗಿರಾಕಿಗಳು ಬರುತ್ತಿದ್ದರು.

"ಇದು ಯಾಕೆ ಇಷ್ಟು ತಿಳಿ?" ಎಡಗಡೆಯ ಅಂಕಣದ ಬುಡ ತೋರಿಸಿದ. ಅಲ್ಲಿ ಪೆನ್ಸಿಲ್ ಎಷ್ಟು ತಿಳಿಯಾಗಿತ್ತೆಂದರೆ ಹಾಳೆ ಓರೆ ಮಾಡಿದರೆ ಮಾತ್ರ ಕಾಣುತ್ತಿತ್ತು. 'ಬಿಳಿಯರಮನೆ: ಒಬ್ಬರಿಗೆ ಕೋಣೆ ಇದೆಯೆ? ಎಷ್ಟು ದಿನದ ಯಾನ? ಐದನೇ ತಾರೀಕು ಹೊರಡುವುದು ಖಂಡಿತವೆ?' ಪಕ್ಕದಲ್ಲಿ ಶಾಯಿ: 'ಇದೆ. ಮೂವತ್ತು ದಿನ. ಖಂಡಿತ.'

"ಅವರ ಪೆನ್ಸಿಲ್ ಮೊನೆ ಮುರಿದಿತ್ತೇನೋ. ಗಿರಾಕಿ ಎರಡನೇ ಸಲ ಫೋನ್ ಮಾಡಿದಾಗ ಬರೆದಿದ್ದು. ಸಮಯ ನೋಡಿ. ಮೊದಲ ಸಲ ಹನ್ನೊಂದು ಹತ್ತು. ಇದು ಹನ್ನೊಂದು ಐವತ್ತು."

ಈ ತಿಳಿ ಪೆನ್ಸಿಲ್ ಜೆರಾಕ್ಸಿಗೆ ಇಳಿದೇ ಇರಲಿಲ್ಲ. ಮೂರು ಉತ್ತರ ಇದ್ದವು, ಪ್ರಶ್ನೆ ಒಂದೂ ಇರಲಿಲ್ಲ. ಅದನ್ನೂ ಅವನು ಕಣ್ಣೆದುರು ಇಟ್ಟುಕೊಂಡೇ ಓದಿದ್ದ. ಯಾವುದಕ್ಕೆ ಉತ್ತರ ಎಂದು ಕೇಳಬೇಕೆನಿಸಿರಲಿಲ್ಲ.

"ಹಡಗಿನ ಅಕ್ಕ ಎಲ್ಲಿದ್ದಾರೆ ಈಗ?"

ಸಲಹೆಗಾರ್ತಿಯನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಹತ್ತೊಂಬತ್ತು ವರ್ಷ ಹಡಗು ಆರಿಸಿಕೊಟ್ಟವಳು. ತಾನು ಮಾತ್ರ ದೋಣಿ ಕಂಡರೂ ವಾಂತಿ ಮಾಡಿಕೊಳ್ಳುವವಳು.

"ಮನೆಯಲ್ಲಿ. ಐದು ಗಂಟೆಗೆ ವಜಾ ಆದೇಶ ಹೊರಡುತ್ತೆ. ಆಮೇಲೆ ಯಾವ ಕಚೇರಿಯೂ ಅವರನ್ನ ಒಳಗೆ ಬಿಡಲ್ಲ." ಗುಮಾಸ್ತ ಗಡಿಯಾರ ನೋಡಿದ. "ಈಗ ಎರಡು ಗಂಟೆ ಐದು ನಿಮಿಷ. ಇಳಿಯೋದು ಸುಲಭ, ನಿಧಾನಕ್ಕೆ ಹೋಗಿ."

*

ಕೆಳಗೆ ವ್ಯವಸ್ಥಾಪಕನ ಮೇಜಿನ ಮೇಲೆಯೇ ತನಿಖೆಗಾರ ತನ್ನ ವರದಿ ಹಿಂತೆಗೆದುಕೊಂಡ. ಆರು ಸಾಲು. 'ಮೂಲ ದಾಖಲೆ ನೋಡದೆ ಬರೆದೆ. ತಪ್ಪು ಪೂರ್ತಿ ನನ್ನದು' ಎಂಬುದು ಐದನೆಯದು.

ವ್ಯವಸ್ಥಾಪಕ ಓದಿ ಬದಿಗಿಟ್ಟ. "ಇದು ನಿಮ್ಮ ಕಾಗದ. ಗಿರಾಕಿಯ ದೂರು ಬೇರೆ ಇದೆಯಲ್ಲ. 'ನಾವು ದೊಡ್ಡದನ್ನೇ ಕೇಳಿದ್ವಿ, ಚಿಕ್ಕದನ್ನ ತಲೆಗೆ ಕಟ್ಟಿದ್ರು, ಫೋನ್ ಸಿಗಲ್ಲ ಅನ್ನೋದನ್ನ ಮುಚ್ಚಿಟ್ರು.' ಕೆಳಗೆ ಕಾಣೆಯಾದವರ ಮಗಳ ರುಜು. ಪೆನ್ಸಿಲ್ ಆದರೇನು, ಅಕ್ಷರ ನಮ್ಮವರದ್ದೇ. ಗಿರಾಕಿ ಹೀಗಂದ್ರು ಅಂತ ಅವರೇ ಬರ್ಕೊಂಡಿರಬಹುದು ಅಂತಾರೆ ಮೇಲಿನವರು."

"ದೂರು ಕೊಟ್ಟವರು ವಾಪಸ್ ತಗೊಂಡ್ರೆ?"

"ತಗೊಂಡ್ರೆ ಮುಗೀತು. ಐದರ ಒಳಗೆ ತನ್ನಿ." ವ್ಯವಸ್ಥಾಪಕ ಅರೆ ನಗು ನಕ್ಕ. "ಈ ಸಲ ಮೂಲವೇ ತನ್ನಿ, ಸ್ವಾಮಿ."

*

ಮಗಳ ಮನೆ ಮೊದಲ ಮಹಡಿಯಲ್ಲಿತ್ತು. ಕೆಳಗೆ ಗಂಡನ ಕಾರ್ಯಶಾಲೆ. ಊರಿನ ಆರು ಜನ ದಂತವೈದ್ಯರಿಗೆ ಅವನೇ ಹಲ್ಲುಸೆಟ್ಟು ಮಾಡಿಕೊಡುತ್ತಿದ್ದ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರ್ ಪುಡಿಯ ಹಲ್ಲಿನ ಅಚ್ಚುಗಳು, ಪ್ರತಿಯೊಂದಕ್ಕೂ ಅಂಟಿಸಿದ ಚೀಟಿ. ನಲವತ್ತು ಬಾಯಿಗಳು ತೆರೆದುಕೊಂಡು ಕುಳಿತಿದ್ದವು.

"ಅವರು ಸೆಟ್ಟು ಕೊಡೋಕೆ ಹೋಗಿದ್ದಾರೆ. ನಾಲ್ಕಕ್ಕೆ ಬರ್ತಾರೆ," ಎಂದಳು ಮಗಳು. ಐವತ್ತರ ಹತ್ತಿರದ ಹೆಂಗಸು. ಕೆಲಸದ ನಿಲುವಂಗಿಯ ತೋಳಿಗೆ ಬಿಳಿ ಪುಡಿ ಮೆತ್ತಿತ್ತು. "ಕೂತ್ಕೊಳ್ಳಿ. ಏನಾದ್ರೂ ಗೊತ್ತಾಯ್ತಾ?"

ಮೇಜಿನ ತುದಿಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಹಾಳೆಗಳ ಕಟ್ಟು, ಪಕ್ಕದಲ್ಲಿ ಅಂಟಿನ ಡಬ್ಬಿ. ಅದು ಗಂಡನ ಕೆಲಸ. ಎರಡು ವಾರದಿಂದ ಅವನು ದಿನಕ್ಕೊಂದು ಬೀದಿಯಂತೆ ಅಂಟಿಸುತ್ತಿದ್ದ.

ತನಿಖೆಗಾರ ಕುಳಿತ. ಚೀಲದಿಂದ ಹಾಳೆ ತೆಗೆದು ಅವಳ ಮುಂದೆ ಇಟ್ಟ.

ಅವಳು ಓದಿದಳು. ಎರಡನೆಯ ಸಲ ಓದುವಾಗ ಕಣ್ಣು ಒಂದೇ ಸಾಲಿನಲ್ಲಿ ನಿಂತಿತು.

"ಇದು ಹೋದ ವಾರವೇ ನೋಡಿದ್ದಲ್ವಾ?"

"ಅದು ಜೆರಾಕ್ಸು. ಇದು ಮೂಲ. ಅವರಲ್ಲಿ ಗಿರಾಕಿ ಹೇಳಿದ್ದು ಪೆನ್ಸಿಲ್‌ನಲ್ಲಿ ಬರೀತಾರಂತೆ."

"ಅವರ ಪೆನ್ಸಿಲ್, ಅವರ ಕೈ. ಏನು ಬೇಕಾದ್ರೂ ಬರೀಬಹುದು."

"ಬರೀಬಹುದು. ಅದಕ್ಕೇ ನಿಮ್ಮನ್ನ ಕೇಳೋಕೆ ಬಂದೆ. ಹೋದ ವಾರ ಅವರನ್ನ ಕೇಳಿದ ರೀತಿಯಲ್ಲಿ ಕೇಳಲ್ಲ. ಅವತ್ತು ನಾನು ಮಾಡಿದ್ದು ತಪ್ಪು."

ಅವಳು ನಿಲುವಂಗಿಯ ತೋಳಿನ ಪುಡಿ ಕೊಡವತೊಡಗಿದಳು. ಕೊಡವಿದಷ್ಟೂ ಹರಡಿತು.

"ನೀವು ಅವತ್ತು ಓದುವಾಗ ನಾನು ಅಲ್ಲೇ ಇದ್ದೆ," ಎಂದಳು ಕಡೆಗೆ. "ಆ ಹೆಂಗಸು ನನ್ನ ಮುಖಾನೇ ನೋಡ್ತಿದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. 'ಮೇಡಂ, ನೀವಾದ್ರೂ ಹೇಳಿ' ಅಂದ್ರು. ನಾನು ಕರ್ಚೀಫ್ ಹುಡುಕೋ ಹಾಗೆ ಮಾಡಿದೆ."

ತನಿಖೆಗಾರನಿಗೂ ಅದು ನೆನಪಿತ್ತು. ಆಗ ಅವನು ಅದನ್ನು ದುಃಖ ಎಂದುಕೊಂಡಿದ್ದ.

"ಅಂದ್ರೆ ಹೇಳಿದ್ದು ನೀವೇ."

"ನಾನೇ."

ಹೊರಗೆ ಬೀದಿಯಲ್ಲಿ ಯಾರೋ ಅಂಗಡಿಯ ಶಟರ್ ಎತ್ತಿದರು. ಅವಳು ಎದ್ದು ಹೋಗಿ ಬಾಗಿಲು ಒತ್ತಿ ಬಂದಳು.

"ಅಮ್ಮ ಆರೈಕೆ ಮನೆಗೆ ಹೋದ ಮೇಲೆ ಫೋನ್ ಶುರುವಾಯ್ತು. ಅವರ ಕೋಣೆ ಹೊರಗೆ ಗೋಡೆಗೆ ಒಂದು ಫೋನ್ ಇದೆ. ಅಲ್ಲಿಂದ. 'ಎಲ್ಲಿದ್ದೀಯ? ಊಟ ಮಾಡಿದ್ಯಾ? ನನ್ನ ಯಾವಾಗ ಕರ್ಕೊಂಡು ಹೋಗ್ತೀಯ?' ಇಟ್ಟು ಎರಡು ನಿಮಿಷಕ್ಕೆ ಮತ್ತೆ ಅದೇ. ಒಂದು ದಿನ ಎಣಿಸಿದೆ. ಮೂವತ್ತೊಂದು ಸಲ."

"ತೆಗೀದೆ ಇರಬಹುದಿತ್ತಲ್ಲ."

"ನಿಮ್ಮ ತಾಯಿ ಇದ್ದಾರಾ?"

"ಇಲ್ಲ."

"ಹಾಗಾದ್ರೆ ಅದು ನಿಮಗೆ ಗೊತ್ತಾಗಲ್ಲ ಬಿಡಿ." ಅವಳು ಹಾಳೆಯನ್ನು ಬೆರಳ ತುದಿಯಿಂದ ದೂರ ತಳ್ಳಿದಳು. "ಇವರಿಗೆ ದೊಡ್ಡ ಹಡಗಿನ ಆಸೆ. ಮದುವೆಯಾಗಿ ಇಪ್ಪತ್ತೈದು ವರ್ಷ, ಒಂದು ಸಲ ಅರಮನೆಯಲ್ಲಿ ಮಲಗೋಣ ಅಂತಿದ್ರು. ನಾನು ಹಡಗಿನ ಅಕ್ಕನಿಗೆ ಫೋನ್ ಮಾಡಿ ಎರಡರ ವಿಷಯಾನೂ ಕೇಳಿದೆ. ಅವರು ಪಾಪ ಒಂದೊಂದೇ ಬಿಡಿಸಿ ಹೇಳಿದ್ರು. ಅಂತಸ್ತು ಎಷ್ಟು, ಯಾವ ಬದಿ ಕೋಣೆ ಒಳ್ಳೇದು, ಎಷ್ಟು ಹತ್ತಿರ ಹೋಗುತ್ತೆ. ನನಗೆ ಹಿಮನದಿ ಒಂದು ಮೈಲಿ ಆದರೇನು, ಹತ್ತು ಮೈಲಿ ಆದರೇನು? ಕಡೆಗೆ ಹೇಳಿದ್ರು, ಚಿಕ್ಕದರಲ್ಲಿ ಫೋನ್ ಸಿಗಲ್ಲ, ನಿಮಗದು ಕಷ್ಟ ಅಂತ. ಅಷ್ಟು ಕೇಳಿದ್ದೇ ಸಾಕಾಯ್ತು. ಮನೆಗೆ ಬಂದು ಇವರಿಗೆ, 'ಅವರು ಚಿಕ್ಕದೇ ಒಳ್ಳೇದು ಅಂತಾರೆ' ಅಂದೆ."

"ಅವರು ಒಪ್ಪಿದ್ರು."

"ಇವರು ಯಾವಾಗ ಒಪ್ಪಲ್ಲ?"

ಅವಳ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು.

"ಚೆನ್ನಾಗಿತ್ತಾ?" ಎಂದು ತನಿಖೆಗಾರ ಕೇಳಿದ. ತನಿಖೆಗೆ ಬೇಕಾದ ಪ್ರಶ್ನೆಯಲ್ಲ.

"ನಾಲ್ಕನೇ ದಿನ ಕವಲಿನ ಒಳಗೆ ಹೋದ್ವಿ. ಇಂಜಿನ್ ನಿಲ್ಲಿಸಿದ್ರು. ನಮ್ಮ ಈ ಬೀದಿಯಷ್ಟು ಉದ್ದದ ಮಂಜುಗಡ್ಡೆ ಕಳಚಿ ನೀರಿಗೆ ಬಿತ್ತು. ಮೊದಲು ಬಿದ್ದಿದ್ದು ಕಾಣ್ತು, ಸದ್ದು ಆಮೇಲೆ ಬಂತು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ಅತ್ತೆ. ಇವರು ಬೆನ್ನು ಸವರಿ, 'ಎಷ್ಟು ಚೆಂದ ಅಲ್ವಾ' ಅಂದ್ರು. ಚೆಂದಕ್ಕಲ್ಲ ಅತ್ತಿದ್ದು. ನಾಲ್ಕು ದಿನದಿಂದ ನನ್ನ ಯಾರೂ ಕರೆದಿರಲಿಲ್ಲ, ಅದಕ್ಕೆ." ಅವಳು ಉಗುರಿನಿಂದ ಮೇಜು ಕೆರೆದಳು. "ಅವತ್ತು ಐದನೇ ತಾರೀಕು."

ಐದನೆಯ ತಾರೀಕು ಬೆಳಿಗ್ಗೆ ಒಂಬತ್ತೂಕಾಲಿಗೆ ಅವಳ ತಾಯಿ ಆರೈಕೆ ಮನೆಯ ಗೇಟು ದಾಟಿದ್ದರು. ಅಲ್ಲಿಯವರು ಮಗಳಿಗೆ ಹದಿನೇಳು ಸಲ ಫೋನ್ ಮಾಡಿದ್ದರು.

"ವಾಪಸ್ ಬಂದು ಆ ಹದಿನೇಳು ನೋಡಿದಾಗ ಬುದ್ಧಿ ಓಡಲಿಲ್ಲ. ಯಾರಾದ್ರೂ ತಪ್ಪು ಮಾಡಿರಲೇಬೇಕಿತ್ತು. ನನ್ನ ಬಿಟ್ಟು ಬೇರೆ ಯಾರಾದ್ರೂ. ನೀವು ಬಂದು, ಈ ಹಡಗು ಆರಿಸಿದ್ದು ಯಾರು ಅಂತ ಕೇಳಿದ್ರಿ."

ತನಿಖೆಗಾರ ಗಡಿಯಾರ ನೋಡಿದ. ಮೂರೂ ಇಪ್ಪತ್ತೈದು.

"ಈಗ ಹೇಳಿದ್ದನ್ನ ಬರೆದು ಕೊಡಬೇಕು. ಐದಕ್ಕೆ ಅವರ ಕೆಲಸ ಹೋಗುತ್ತೆ."

ಅವಳ ಕೈ ನಿಂತಿತು. "ಬರೆದ್ರೆ ಇವರಿಗೆ ಗೊತ್ತಾಗುತ್ತೆ."

"ಗೊತ್ತಾಗುತ್ತೆ."

"ನಾದಿನಿಯರಿಗೆ, ಚಿಕ್ಕಮ್ಮನಿಗೆ, ಎಲ್ಲರಿಗೂ. ಅಮ್ಮನ ಫೋನ್ ತಪ್ಪಿಸ್ಕೊಳ್ಳೋಕೆ ಹಡಗು ಹುಡುಕಿದವಳು ಅಂತ. ಅಮ್ಮ ಸಿಗಲಿಲ್ಲ ಅಂದ್ರೆ ನಾನು ಸಾಯೋ ತನಕ ಅದೇ ಹೆಸರು."

"ಆ ಹೆಸರು ಈಗ ಹಡಗಿನ ಅಕ್ಕನ ಮೇಲಿದೆ. ನಾವಿಬ್ಬರೂ ಸೇರಿ ಹೊರಿಸಿದ್ದು. ನನ್ನ ಪಾಲಿನದು ಬರೆದು ಕೊಟ್ಟು ಬಂದೆ. ಅಷ್ಟಕ್ಕೆ ಕಚೇರಿಯವರು ಬಿಡಲ್ಲವಂತೆ."

ಅವಳು ಹಲಗೆಯ ಮೇಲಿನ ಅಚ್ಚುಗಳನ್ನು ನೋಡಿದಳು. ಆಮೇಲೆ ಗಂಡನ ಮೇಜಿನಿಂದ ಲೇಖನಿ, ಒಂದು ಬಿಳಿ ಹಾಳೆ ತಂದಳು.

"ಬರೀತೀನಿ. ರುಜು ಮಾತ್ರ ಇವರು ಬಂದ ಮೇಲೆ. ಮೊದಲು ಇವರಿಗೆ ನನ್ನ ಬಾಯಿಂದ ಹೇಳ್ಬೇಕು."

*

ಅವಳದು ದುಂಡಗಿನ ಅಕ್ಷರ. ಎಂಟು ಸಾಲು ಬರೆದು ಹಾಳೆ ತಿರುಗಿಸಿ ಅವನ ಕಡೆ ಸರಿಸಿದಳು. ತನಿಖೆಗಾರ ಬೆರಳಿಟ್ಟು ಓದಿದ. ಮೂರನೆಯ ಸಾಲಿನಲ್ಲಿ ನಿಂತ.

"'ಒಂದೇ ಒಂದು ಸಲ ಫೋನ್ ಮಾಡಿದೆ' ಅಂತ ಬರೆದಿದ್ದೀರಿ."

"ಒಂದೇ ಸಲ."

"ಎರಡು ಸಲ. ಹನ್ನೊಂದು ಐವತ್ತಕ್ಕೆ ಮತ್ತೆ ಮಾಡಿ, ದೊಡ್ಡ ಹಡಗಿನಲ್ಲಿ ಒಬ್ಬರಿಗೆ ಕೋಣೆ ಇದೆಯಾ ಅಂತ ಕೇಳಿದ್ದೀರಿ." ಅವನು ಧ್ವನಿ ತಗ್ಗಿಸಿದ. "ನೋಡಿ, ಒಬ್ಬರೇ ಹೊರಟು ಹೋಗ್ಬೇಕು ಅನ್ನಿಸಿದ್ರೆ ಅದು ಅಪರಾಧವಲ್ಲ. ಕಾಗದದಲ್ಲಿ ಬರೆಯೋದೂ ಬೇಡ. ಆದರೆ ಸುಳ್ಳು ಇರಬಾರದು."

"ಇಷ್ಟೆಲ್ಲ ಬಾಯಿಬಿಟ್ಟವಳು ಅದನ್ನ ಯಾಕೆ ಮುಚ್ಚಿಡ್ಲಿ? ನಾನು ಮಾಡಿಲ್ಲ."

ಹೋದ ವಾರವಾಗಿದ್ದರೆ ಅವನು ಇಲ್ಲಿ ಮೇಜು ತಟ್ಟುತ್ತಿದ್ದ. ಇಂದು ಕಾರ್ಯಶಾಲೆಯ ಫೋನ್ ಹತ್ತಿರ ಎಳೆದುಕೊಂಡು ಸಲಹೆಗಾರ್ತಿಯ ಮನೆಯ ನಂಬರ್ ಒತ್ತಿದ.

ಆ ಕಡೆ ಎತ್ತಿದರು. ಅವನು ತಾನು ಯಾರೆಂದು ಹೇಳಿದ. ಫೋನ್ ಇಡುತ್ತಾಳೆ ಅಂದುಕೊಂಡ. ಇಡಲಿಲ್ಲ.

"ಪೆನ್ಸಿಲ್ ನೋಡಿದೆ," ಎಂದ. "ನನ್ನದು ತಪ್ಪಾಯ್ತು. ಬರೆದು ಕೊಟ್ಟಿದ್ದೀನಿ."

"ಎಷ್ಟು ಜನರ ಮುಂದೆ?" ಎಂದಳು ಹಡಗಿನ ಅಕ್ಕ.

"ಒಬ್ಬರ ಮುಂದೆ," ಎಂದ.

"ಏನು ಬೇಕಿತ್ತು ಹೇಳಿ."

"ಎರಡನೇ ಫೋನ್. ಹನ್ನೊಂದು ಐವತ್ತರದ್ದು. ಅದೇ ಗಿರಾಕಿಯಾ?"

"ಅದೇ ದನಿ. ಸ್ವಲ್ಪ ನಿಧಾನ, ಪಿಸುಮಾತು. ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಅಂದ್ಕೊಂಡೆ. ಬೇರೆ ನಂಬರಿಂದ ಬಂದಿತ್ತು, ಅಂಚಿನಲ್ಲಿ ಬರೆದಿದ್ದೀನಿ. ಶಾಯಿಯಲ್ಲೇ." ಕೊನೆಯ ಮಾತನ್ನು ಒತ್ತಿ ಹೇಳಿದಳು. "ಟಿಕೆಟ್ಟು ಕಾದಿರಿಸೋಣವಾ ಅಂದೆ. ಬೇಡ, ಬಂದರಿನ ಹಡಗು ಕಚೇರಿಯಲ್ಲೇ ತಗೋತೀನಿ ಅಂದ್ರು. ಮುಗೀತಾ?"

"ಮುಗೀತು."

ಆ ಕಡೆ ಫೋನ್ ಇಟ್ಟ ಸದ್ದು ಮೆತ್ತಗಿತ್ತು. ಕುಕ್ಕಿದ್ದರೆ ವಾಸಿಯಿತ್ತು.

ಅವನು ಹಾಳೆಯ ಅಂಚನ್ನು ಮಗಳ ಮುಂದೆ ಹಿಡಿದ. "ದನಿ ನಿಮ್ಮದೇ ಅಂತಾರೆ. ಈ ನಂಬರ್ ನಿಮ್ಮದಲ್ಲವಾ?"

ಅವಳು ನೋಡಿದಳು. ಎರಡನೆಯ ಸಲ ನೋಡಬೇಕಾಗಲಿಲ್ಲ. ದಿನಕ್ಕೆ ಮೂವತ್ತೊಂದು ಸಲ ನೋಡಿದ ನಂಬರ್ ಅದು.

"ಅಮ್ಮನ ಕೋಣೆ ಹೊರಗಿನ ಗೋಡೆ ಫೋನು."

"ಅಲ್ಲಿಯವರು ಯಾರಾದ್ರೂ," ಎಂದ ತನಿಖೆಗಾರ, ನಂಬದೆ.

"ನನ್ನ ದನಿ ಅಂದ್ರಲ್ಲ. ನನ್ನ ದನಿ ಅಮ್ಮಂದೇ. ಚಿಕ್ಕವಳಿದ್ದಾಗ ಮನೆಗೆ ಫೋನ್ ಮಾಡಿದವರು ನಮ್ಮಿಬ್ಬರನ್ನ ಅದಲು ಬದಲು ಮಾಡ್ತಿದ್ರು. ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದವರು. ಇವತ್ತು ಯಾವ ವಾರ ಅಂದ್ರೆ ಹೇಳಲ್ಲ. ಒಂದು ಸಲ ಕೇಳಿದ ನಂಬರ್ ಮರೆಯಲ್ಲ."

"ಈ ಕಚೇರಿಯ ನಂಬರ್ ಅವರಿಗೆ ಎಲ್ಲಿ ಸಿಕ್ಕಿತು? ನೀವು ಮೊದಲ ಸಲ ಎಲ್ಲಿಂದ ಮಾಡಿದ್ರಿ?"

ಅವಳ ಕುತ್ತಿಗೆಯಿಂದ ಕೆಂಪು ಮೇಲೇರಿ ಹಣೆಯವರೆಗೆ ಹೋಯಿತು.

"ಅಮ್ಮನ ಹಾಸಿಗೆ ಪಕ್ಕ ಕೂತು," ಎಂದಳು. "ನೋಡೋಕೆ ಹೋಗಿದ್ದೆ. ನಂಬರ್ ಸರಿಯಿದೆಯಾ ಅಂತ ಗಟ್ಟಿಯಾಗಿ ಓದ್ಕೊಂಡು ಒತ್ತಿದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ರು. ನಿದ್ದೆ ಬಂದಿದೆ ಅಂದ್ಕೊಂಡೆ."

ತನಿಖೆಗಾರ ಹಾಳೆಯ ಮೇಲಿನ ದಪ್ಪ ಪೆನ್ಸಿಲ್ ಸಾಲನ್ನು ನೋಡಿದ. ಅದನ್ನು ಬರೆದುಕೊಂಡವಳಲ್ಲದೆ ಇನ್ನೊಬ್ಬರೂ ಕೇಳಿಸಿಕೊಂಡಿದ್ದರು.

"ಅವತ್ತಿನಿಂದ ಫೋನ್ ಕಡಿಮೆಯಾಯ್ತು," ಎಂದಳು ಮಗಳು. ಧ್ವನಿ ಎಲ್ಲಿಂದಲೋ ಬಂದಂತಿತ್ತು. "ದಿನಕ್ಕೆ ಒಂದು. ಕೆಲವು ದಿನ ಅದೂ ಇಲ್ಲ. ಹೊಸ ಮಾತ್ರೆ ಹಿಡೀತು ಅಂತ ವೈದ್ಯರಿಗೆ ಹಣ್ಣಿನ ಬುಟ್ಟಿ ಕಳಿಸಿದೆ. ನಾನು ಖುಷಿಪಟ್ಟೆ ಕಣ್ರೀ."

ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕೆರೆ, ಬಾವಿ: ಇಷ್ಟು ದಿನ ಅವನು ಹುಡುಕದ ಜಾಗವಿರಲಿಲ್ಲ. ದಾರಿ ತಪ್ಪಿದವರನ್ನು ಹುಡುಕುವ ಜಾಗಗಳು ಅವೆಲ್ಲ. ದಾರಿ ಕೇಳಿಕೊಂಡು ಹೊರಟವರನ್ನು ಅವನು ಹುಡುಕಿರಲೇ ಇಲ್ಲ.

*

ಬಂದರಿನ ಹಡಗು ಕಚೇರಿಯ ಗುಮಾಸ್ತನ ದನಿ ಎಳೆಯದು, ಶಿಸ್ತಿನದು. ಪ್ರಯಾಣಿಕರ ವಿಷಯ ಮನೆಯವರಿಗೆ ಮಾತ್ರ ಹೇಳುವುದು ಎಂದ. ಮಗಳು ಫೋನ್ ತೆಗೆದುಕೊಂಡು ತಾಯಿಯ ಹೆಸರು, ಹುಟ್ಟಿದ ತಾರೀಕು ಹೇಳಿ, ಇವರಿಗೆ ತಿಳಿಸಿ ಎಂದು ತನಿಖೆಗಾರನ ಕೈಗೆ ಮರಳಿ ಕೊಟ್ಟಳು. ಅಷ್ಟರಲ್ಲಿ ಹೊರಗೆ ಸೈಕಲ್ ನಿಲ್ಲಿಸಿದ ಸದ್ದು. ಅವಳು ಮುಖ ಒರೆಸಿಕೊಂಡು ಬಾಗಿಲಿಗೆ ಹೋದಳು.

"ಇದ್ದಾರೆ," ಎಂದ ಗುಮಾಸ್ತ ಪುಟ ತಿರುಗಿಸುತ್ತ. "ಅಂದ್ರೆ, ಇದ್ರು. ಬಿಳಿಯರಮನೆ, ಐದನೇ ತಾರೀಕು, ಒಬ್ಬರೇ, ಎಂಟನೇ ಅಂತಸ್ತು. ಟಿಕೆಟ್ಟು ಬೆಳಿಗ್ಗೆ ಹತ್ತೂವರೆಗೆ ನಮ್ಮ ಕೌಂಟರಿನಲ್ಲೇ ಕೊಟ್ಟಿದ್ದು."

ತನಿಖೆಗಾರ ಕಣ್ಣು ಮುಚ್ಚಿದ. ಬದುಕಿದ್ದರು. ಐದನೆಯ ತಾರೀಕು ಹತ್ತೂವರೆಗೆ, ಸರದಿಯಲ್ಲಿ ನಿಂತು, ಕೋಣೆ ಆರಿಸಿಕೊಂಡಿದ್ದರು.

"'ಇದ್ರು' ಅಂದ್ರಿ."

"ಹದಿನಾಲ್ಕನೇ ತಾರೀಕು ಹಿಮನದಿ ಹತ್ತಿರದ ಊರಲ್ಲಿ ದಡಕ್ಕೆ ಇಳಿದ್ರು. ವಾಪಸ್ ಹತ್ತಲಿಲ್ಲ."

ಗಂಡ ಒಳಗೆ ಬಂದ. ಸಣ್ಣ ಮೈಯ, ಬಾಚಿದ ನರೆಗೂದಲಿನ ಮನುಷ್ಯ. ಕೈಯಲ್ಲಿ ಖಾಲಿ ಡಬ್ಬಿ. ತನಿಖೆಗಾರನನ್ನು ಕಂಡು ತಲೆಯಾಡಿಸಿದ. "ಬಂದ್ರಾ? ಯಾರ ಹತ್ರ ಮಾತು?"

"ಪ್ರವಾಸ ಕಚೇರಿ," ಎಂದ ತನಿಖೆಗಾರ. ಏಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ. "ಐದು ಗಂಟೆ ಗಡುವಿನ ವಿಷಯ."

"ಇಲ್ಲಿ ಬನ್ನಿ," ಎಂದಳು ಹೆಂಡತಿ ಗಂಡನಿಗೆ. "ಮೊದಲು ಇದನ್ನ ಓದಿ. ಓದಿ ಏನು ಬೇಕಾದ್ರೂ ಅನ್ನಿ."

ಅವನು ಕಾಗದವನ್ನು ಕಿಟಕಿಯ ಹತ್ತಿರ ಒಯ್ದ. ಅವಳು ಎದುರಿಗೆ ನಿಂತು, ಬೈಗುಳಕ್ಕೆ ಕಾಯುವ ಮಗುವಿನಂತೆ ನಿಲುವಂಗಿಯ ಅಂಚು ಹಿಡಿದುಕೊಂಡಳು.

"ವಾಪಸ್ ಹತ್ತದವರನ್ನ ನೀವು ಹುಡುಕಲ್ವಾ?" ತನಿಖೆಗಾರ ಫೋನಿಗೆ ಮೆಲ್ಲಗೆ ಕೇಳಿದ.

"ಹುಡುಕಿದ್ವಿ. ಎರಡು ದಿನ. ಹದಿನಾರಕ್ಕೆ ಮನೆಗೆ ಫೋನ್ ಮಾಡಿದ್ದಾರೆ ನಮ್ಮವರು, ಅರ್ಜಿಯಲ್ಲಿ ಕೊಟ್ಟ ನಂಬರಿಗೆ. ಇಲ್ಲಿ ಬರೆದಿದೆ. 'ಅವರು ಸುಖವಾಗಿ ಮನೆ ಸೇರಿದ್ದಾರೆ, ಈಗ ಒಳಗೆ ಮಲಗಿದ್ದಾರೆ, ಹುಡುಕೋದು ಬೇಡ ಎಂದು ತಿಳಿಸಿದರು.' ಅಲ್ಲಿಗೆ ಮುಗಿಸಿದ್ವಿ."

"ಯಾರು ತಿಳಿಸಿದ್ದು?"

"ಅಳಿಯ."

ಕಿಟಕಿಯ ಬಳಿ ಅಳಿಯ ಓದಿ ಮುಗಿಸಿದ. ಕಾಗದವನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ.

"ಇಷ್ಟೇನಾ?" ಎಂದ.

"ನಿಮಗೆ ಸುಳ್ಳು ಹೇಳಿದೆ. ಅಮ್ಮನ್ನ ಕಳ್ಕೊಂಡೆ. ಒಬ್ಬಳ ಹೊಟ್ಟೆ ಮೇಲೆ ಹೊಡೆದೆ." "ದಿನಾ ನೀವು ಬೀದಿ ಬೀದಿ ಅಲೆದು ಅಮ್ಮನ ಫೋಟೋ ಅಂಟಿಸಿ ಬರ್ತಿದ್ರಿ. ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿತ್ತು ನನಗೆ. ಹೊಟ್ಟೆಗೆ ಹಾಕ್ಕೊಳ್ಳಿ."

"ಆಯ್ತು ಬಿಡು. ನೀನು ದಣಿದಿದ್ದೆ, ಮಾಡಿದೆ. ಯಾರು ಮಾಡಲ್ಲ?" ಅವಳ ತಲೆಯ ಮೇಲೆ ಕೈಯಿಟ್ಟ. "ನಾನು ಹೊಟ್ಟೆಗೆ ಹಾಕ್ಕೊಂಡಾಯ್ತು. ಅಳಬೇಡ."

ಅವಳು ಅವನ ಭುಜಕ್ಕೆ ಹಣೆ ಒತ್ತಿ ಅತ್ತಳು. ತನಿಖೆಗಾರ ನೋಟ ಬೇರೆಡೆ ತಿರುಗಿಸಿದ. ಎಲ್ಲಿ ತಿರುಗಿಸಿದರೂ ತೆರೆದ ಬಾಯಿಗಳೇ ಇದ್ದವು.

"ಹಲೋ, ಇದ್ದೀರಾ?" ಎಂದ ಗುಮಾಸ್ತ. "ಅವರ ಚೀಲ ಮುಂದಿನ ಹಡಗಿನಲ್ಲಿ ಬಂತು. ಇಪ್ಪತ್ತಕ್ಕೆ ಆ ಅಳಿಯನೇ ಬಂದು ಬಿಡಿಸ್ಕೊಂಡು ಹೋಗಿದ್ದಾರೆ. ನಮ್ಮ ಪುಸ್ತಕದಲ್ಲಿ ರುಜು ಇದೆ."

ಇಪ್ಪತ್ತು. ಇವತ್ತಿಗೆ ಆರು ದಿನ. ಹೋದ ವಾರ ತಾನು ವರದಿ ಓದುವಾಗ, ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕುಳಿತು, ಕಣ್ಣೊರೆಸಿಕೊಳ್ಳುತ್ತ ಕೇಳಿದ್ದವನು ಇದೇ ಮನುಷ್ಯ. ಅದು ಇಪ್ಪತ್ತೊಂದರಂದು, ಚೀಲ ಬಿಡಿಸಿಕೊಂಡ ಮರುದಿನ.

ಈಗ ಎದ್ದು ನಿಂತು ಕೇಳಿದರೆ ಈ ಕಾಗದಕ್ಕೆ ರುಜು ಬೀಳುವುದಿಲ್ಲ. ಐದಕ್ಕೆ ಹಡಗಿನ ಅಕ್ಕನ ಆದೇಶ ಹೊರಡುತ್ತದೆ. ಕೇಳದೆ ಕುಳಿತರೆ, ಈ ಹೆಂಗಸು ಕ್ಷಮೆ ಬೇಡುತ್ತಿರುವುದು ಯಾರ ಹತ್ತಿರ ಎಂದು ತಿಳಿದೂ ನೋಡುತ್ತ ಕುಳಿತಂತೆ. ನಾಲ್ಕೂ ಎಂಟು. ತನಿಖೆಗಾರ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಮಗಳು ಮೇಜಿನ ಬಳಿ ಬಂದು ರುಜು ಹಾಕಿದಳು. ಕೊನೆಯ ಅಕ್ಷರ ಜಾರಿತು.

"ಸಾಕ್ಷಿ ಬೇಕಲ್ವಾ ಇಂಥದ್ದಕ್ಕೆ?" ಎಂದ ಗಂಡ. ಯಾರೂ ಕೇಳಿರಲಿಲ್ಲ. ಲೇಖನಿ ತೆಗೆದುಕೊಂಡು ಅವಳ ಹೆಸರಿನ ಕೆಳಗೆ ನಿಧಾನವಾಗಿ, ಒಂದು ಗೆರೆಯೂ ಅಲುಗದಂತೆ ತನ್ನ ರುಜು ಹಾಕಿ, ಊದಿ ಒಣಗಿಸಿ ತನಿಖೆಗಾರನ ಕೈಗೆ ಕೊಟ್ಟ.

"ಇವರಂಥವರು ಇನ್ನೊಬ್ಬರು ಸಿಗಲ್ಲ ನೋಡಿ," ಎಂದಳು ಹೆಂಡತಿ, ಮೂಗು ಒರೆಸಿಕೊಳ್ಳುತ್ತ.